ಪ್ರಾಚೀನ ಪದರಶಿಲೆಗಳ ವಯಸ್ಸನ್ನು ನಿರ್ಣಯಿಸುವ ಬಗೆ

ಮೊದಲು ಪದರಗಳ ನಡುವೆ ಜ್ವಾಲಾಮುಖಿಯ ಬೂದಿಯ ಹಾಸನ್ನು ಹುಡುಕಬೇಕು. ಅದರೊಳಗಿನ ಜಿರ್ಕಾನ್ (ಯುರೇನಿಯಂ ಅಡಗಿರುವ ಗಟ್ಟಿ ಖನಿಜ) ಹರಳುಗಳು ಬಹುಮಟ್ಟಿಗೆ ಸ್ಫೋಟದ ಆಸುಪಾಸಿನಲ್ಲೇ ರೂಪುಗೊಂಡಿರುವುದರಿಂದ, ಸುಮಾರು 447 ಕೋಟಿ ವರ್ಷಗಳ ಅರ್ಧಾಯುಷ್ಯವುಳ್ಳ (ಅಂದರೆ ಅಷ್ಟು ಕಾಲದಲ್ಲಿ ಅರ್ಧಭಾಗ ಕ್ಷಯಿಸುವ) ಯುರೇನಿಯಂ-238 ಎಷ್ಟರಮಟ್ಟಿಗೆ ಸೀಸವಾಗಿದೆ ಎಂದು ಅಳೆದರೆ ಪದರ ಸಂಚಯವಾದ ಕಾಲ ದೊರೆಯುತ್ತದೆ. ಬೂದಿ ಸಿಗದಿದ್ದರೆ ಮರಳುಗಲ್ಲನ್ನು ಪುಡಿಮಾಡಿ, ನೂರಕ್ಕೂ ಹೆಚ್ಚು ಜಿರ್ಕಾನ್ ಕಣಗಳನ್ನು ಅಳೆಯಿರಿ. ಇಲ್ಲಿ ವಿಶೇಷ ಎಚ್ಚರ ಬೇಕು: ಈ ಕಣಗಳು ಹಳೆಯ ಬೆಟ್ಟಗಳಿಂದ ಸವೆದು ಬಂದವಾದ್ದರಿಂದ, ಅತ್ಯಂತ ಎಳೆಯ ಕಣದ ವಯಸ್ಸು ಶಿಲೆಯು ಅದಕ್ಕಿಂತ ಹಳೆಯದಲ್ಲ ಎಂಬುದನ್ನಷ್ಟೇ ತಿಳಿಸುತ್ತದೆ, ಒಂದೇ ಕಣವನ್ನು ನಂಬದೆ, ಪರಸ್ಪರ ಹೊಂದುವ ಹಲವು ಕಣಗಳ ಗುಂಪನ್ನು ಆಧರಿಸುವುದೇ ಲೇಸು. ಪದರಗಳನ್ನು ಸೀಳಿಕೊಂಡು ಹೋದ ಡೈಕ್ (ಬಿರುಕಿಗೆ ನುಗ್ಗಿ ಗಟ್ಟಿಯಾದ ಶಿಲಾಪಾಕದ ಹಾಳೆ) ಆ ಪದರಗಳ ಕನಿಷ್ಠ ವಯಸ್ಸನ್ನು ನೀಡುತ್ತದೆ. ಖಂಡವು ಬಿರಿಯತೊಡಗಿದಾಗ ತಗ್ಗುಗಳಲ್ಲಿ ತುಂಬಿದ ಒರಟು ಮರಳು ಮತ್ತು ಬಸಾಲ್ಟ್‌ಗಳ (ಲಾವಾ ಗಟ್ಟಿಯಾದ ಕಪ್ಪು ಶಿಲೆ) ಕಾಲವನ್ನು, ಈಗ ದೂರವಾಗಿರುವ ಖಂಡಗಳ ದಾಖಲೆಯೊಡನೆ ಹೋಲಿಸಿದರೆ, ಸುಮಾರು 100 ಕೋಟಿ ವರ್ಷಗಳ ಹಿಂದೆ ಕೂಡಿಕೊಂಡ ರೊಡಿನಿಯಾ ಮಹಾಖಂಡದಲ್ಲಿ ಆ ಖಂಡಗಳು ನೆರೆಯಲ್ಲಿದ್ದವೇ ಎಂದು ಪರಿಶೀಲಿಸಬಹುದು; ಆದರೆ ಶಿಲೆಗಳ ಪ್ರಾಚೀನ ಕಾಂತತೆಯೂ (ರೂಪುಗೊಂಡಾಗ ಅವುಗಳಲ್ಲಿ ಅಚ್ಚಾದ ಭೂಕಾಂತದ ದಿಕ್ಕು) ಅದನ್ನು ಸಮರ್ಥಿಸಬೇಕು.