ಒಂದೇ ತುಂಡು ಮರದಲ್ಲಿ ಒಲವಿನ ಚಮಚ

ವೇಲ್ಸ್‌ನ ಹಳ್ಳಿ ಹುಡುಗರು ಚಳಿಗಾಲದ ರಾತ್ರಿ ಒಲೆ ಪಕ್ಕ ಕೂತು ಮರದ ಚಮಚ ಕೆತ್ತುತ್ತಿದ್ದರು. ಊಟಕ್ಕಲ್ಲ, ಮೆಚ್ಚಿದ ಹುಡುಗಿಗೆ ಕೊಡಲು. ಕಾರ್ಡಿಫ್ ಬಳಿಯ ಸೇಂಟ್ ಫೇಗನ್ಸ್ ಮ್ಯೂಸಿಯಂನಲ್ಲಿ 1667ರ ಚಮಚವೊಂದು ಈಗಲೂ ಇದೆ. ಚಾಕು ಹಿಡಿಯುವ ತಾಳ್ಮೆಯಿದ್ದರೆ ನೀವೂ ಮಾಡಬಹುದು.

ಮೊದಲು ಮರ. ಅಲ್ಲಿ ಜಾಸ್ತಿ ಬಳಸುವುದು ಸಿಕಮೋರ್. ಬಣ್ಣ ತಿಳಿ, ಎಳೆ ನಯ, ಊಟಕ್ಕೆ ವಾಸನೆ ಹತ್ತಿಸುವುದಿಲ್ಲ. ನಮ್ಮಲ್ಲಾದರೆ ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆಮರ ನೋಡಿ. ಒಂದು ಗೇಣು ಉದ್ದ, ನಾಲ್ಕು ಬೆರಳು ಅಗಲ, ಒಂದಿಂಚು ದಪ್ಪದ ಹಲಗೆ ಸಾಕು. ಎಳೆ ಉದ್ದಕ್ಕೇ ಹೋಗಿರಬೇಕು. ಅಡ್ಡ ಇದ್ದರೆ ಹಿಡಿ ಮುರಿಯುತ್ತದೆ.

ಚಾಕು ಮುಟ್ಟುವ ಮೊದಲು, ಏನು ಹೇಳಬೇಕು ಅಂತ ಯೋಚಿಸಿ. ಹೃದಯ ಅಂದರೆ ಪ್ರೀತಿ. ಚಕ್ರ ಅಂದರೆ ‘ನಿನಗಾಗಿ ದುಡಿಯುತ್ತೇನೆ’. ಬೀಗದ ಕೈ ಅಂದರೆ ‘ನನ್ನ ಮನೆ ನಿನ್ನದು’. ಕುದುರೆ ಲಾಳ ಅದೃಷ್ಟಕ್ಕೆ. ಸರಪಳಿ ಜೊತೆಯಾಗಿರಲು. ಪಂಜರದೊಳಗೆ ಉರುಳುವ ಗುಂಡುಗಳು, ಬೇಕೆನ್ನುವ ಮಕ್ಕಳ ಲೆಕ್ಕವಂತೆ! ಈ ಅರ್ಥಗಳಲ್ಲಿ ಎಷ್ಟೋ ಆಮೇಲೆ ಸೇರಿಕೊಂಡವು. ಹಾಗಾಗಿ ನಿಮ್ಮಿಬ್ಬರಿಗೇ ಗೊತ್ತಿರುವ ಗುರುತು ಕೆತ್ತಿದರೂ ತಪ್ಪಿಲ್ಲ. ಆದರೆ ಎಲ್ಲವನ್ನೂ ಒಂದೇ ಹಿಡಿಗೆ ತುರುಕಬೇಡಿ. ಎರಡು ಗುರುತು ಸಾಕು, ಅವು ಮನಸ್ಸಿನ ಮಾತಾಗಿರಲಿ.

ಹಲಗೆ ಮೇಲೆ ಚಿತ್ರ ಬರೆದು, ತೂತುಗಳನ್ನು ಮೊದಲೇ ಕೊರೆಯಿರಿ. ಆಮೇಲೆ ಸಣ್ಣ ಗರಗಸದಿಂದ ಅಂಚು ಕತ್ತರಿಸಿ. ಚಮಚದ ಗುಳಿಯನ್ನು ಬಾಗಿದ ಚಾಕುವಿನಿಂದ ಮೊದಲು ತೋಡಿ. ಹಿಡಿ ತೆಳ್ಳಗಾದ ಮೇಲೆ ಗುಳಿಗೆ ಒತ್ತಡ ಹಾಕಿದರೆ ಚಮಚ ಎರಡಾಗುತ್ತದೆ. ಹಲಗೆ ಹಿಡಿದ ಕೈ ಯಾವಾಗಲೂ ಅಲಗಿನ ಹಿಂದಿರಲಿ.

ಇನ್ನು ಗುಂಡು. ಇದನ್ನು ಹೊರಗಿನಿಂದ ತಂದು ಒಳಗೆ ಹಾಕುವುದಿಲ್ಲ. ಹಿಡಿಯ ನಾಲ್ಕು ಮೂಲೆಯಲ್ಲಿ ಕಂಬಿ ಉಳಿಸಿ, ನಾಲ್ಕೂ ಕಡೆಯಿಂದ ಸ್ವಲ್ಪ ಸ್ವಲ್ಪ ಕೆರೆದು, ನಡುವಿನ ಮರವನ್ನು ಗುಂಡಗೆ ಬಿಡಿಸಿಕೊಳ್ಳಬೇಕು. ಗುಂಡು ಕಂಬಿಗಳ ಸಂದಿಗಿಂತ ದೊಡ್ಡದಿರಬೇಕು, ಇಲ್ಲದಿದ್ದರೆ ಜಾರಿ ಹೊರಬೀಳುತ್ತದೆ. ಅದು ಮರದಿಂದ ಬಿಟ್ಟುಕೊಂಡು ಮೊದಲ ಸಲ ‘ಟಕ್’ ಅನ್ನುವಾಗಿನ ಖುಷಿಯೇ ಬೇರೆ. ಸರಪಳಿ ಇದಕ್ಕಿಂತ ಕಷ್ಟ. ಮೊದಲ ಚಮಚಕ್ಕೆ ಬೇಡ.

ಕೊನೆಗೆ ಸ್ಯಾಂಡ್ ಪೇಪರಿನಿಂದ ಎಳೆಯ ಜೊತೆಗೇ ಉಜ್ಜಿ, ಅಗಸೆ ಎಣ್ಣೆ ಸವರಿ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಬೆಂಕಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ. ಹಿಂಬದಿಯಲ್ಲಿ ಇಸವಿ, ಇಬ್ಬರ ಹೆಸರಿನ ಮೊದಲಕ್ಷರ ಕೆತ್ತಿ ಕೊಡಿ. ಅಡುಗೆಮನೆಗಲ್ಲ, ಗೋಡೆಗೆ ತೂಗುಹಾಕಲು.