ಮ್ಯಾಮೊಗ್ರಾಮ್ ಆಯ್ತು, ಮುಂದೇನು?

ಮ್ಯಾಮೊಗ್ರಾಮ್‌ಗೆ, ಅಂದರೆ ಸ್ತನವನ್ನು ಒತ್ತಿ ತೆಗೆಯುವ ಎಕ್ಸ್‌ರೇಗೆ, ಧೈರ್ಯ ಮಾಡಿ ಹೋಗಿಬರುವ ಹೆಂಗಸರು ಎಡವೋದು ರಿಪೋರ್ಟ್ ಕೈಗೆ ಬಂದ ಮೇಲೆ. ಒಬ್ಬರು ‘ಸೊನ್ನೆ’ ನೋಡಿ ಏನೂ ಇಲ್ಲ ಅಂತ ಬೀರುವಿಗೆ ಹಾಕುತ್ತಾರೆ. ಇನ್ನೊಬ್ಬರು ‘ಮೂರು’ ನೋಡಿ ಮೂರನೇ ಹಂತದ ಕ್ಯಾನ್ಸರ್ ಅಂತ ಮನೆಯವರನ್ನೆಲ್ಲ ಗಾಬರಿಪಡಿಸುತ್ತಾರೆ. ಎರಡೂ ತಪ್ಪು.

1. ಒತ್ತಿದ ಜಾಗ ಒಂದೆರಡು ದಿನ ನೋಯಬಹುದು, ಅಷ್ಟೇ.

2. ರಿಪೋರ್ಟ್ ಜೊತೆ ಚಿತ್ರಗಳನ್ನೂ ಸಿಡಿಯಲ್ಲೋ ಪೆನ್‌ಡ್ರೈವ್‌ನಲ್ಲೋ ಕೇಳಿ ಪಡೆಯಿರಿ. ಫಿಲ್ಮನ್ನು ಕಿಟಕಿಗೆ ಹಿಡಿದು ಮೊಬೈಲ್‌ನಲ್ಲಿ ಫೋಟೊ ತೆಗೆದು ವಾಟ್ಸ್‌ಆ್ಯಪ್ ಮಾಡಿದರೆ ಪ್ರಯೋಜನವಿಲ್ಲ, ಸ್ತನದೊಳಗಿನ ಸಾಸಿವೆಗಿಂತ ಸಣ್ಣ ಸುಣ್ಣದ (ಕ್ಯಾಲ್ಸಿಯಂ) ಚುಕ್ಕೆಗಳು ಅದರಲ್ಲಿ ಕಾಣುವುದೇ ಇಲ್ಲ. ಮುಂದಿನ ಸಲ ಡಾಕ್ಟರ್ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು, ಹಳೆಯದು ಸಿಗದಿದ್ದರೆ ಸುಮ್ನೆ ಇನ್ನೊಂದಷ್ಟು ಪರೀಕ್ಷೆ ಬೀಳಬಹುದು.

3. ಈಗ ಓದುವ ಕೆಲಸ. ನೇರವಾಗಿ ಕೊನೆಗೆ, ‘ಇಂಪ್ರೆಶನ್’ ಅನ್ನುವ ಭಾಗಕ್ಕೆ ಹೋಗಿ. ಅಲ್ಲಿ ‘ಬೈರಾಡ್ಸ್’ ಅಂತ ಬರೆದು ಪಕ್ಕದಲ್ಲಿ ಒಂದು ಅಂಕಿ ಇರುತ್ತದೆ. ಅದು ಕ್ಯಾನ್ಸರ್ ಹಂತ ಅಲ್ಲವೇ ಅಲ್ಲ. ಎಷ್ಟು ಅನುಮಾನ ಇದೆ, ಮುಂದೇನು ಮಾಡಬೇಕು ಅನ್ನೋದನ್ನು ಹೇಳುವ ಗುರುತು.

ಸೊನ್ನೆ ಅಂದರೆ ನೋಡಿ ಮುಗಿದಿಲ್ಲ ಅಂತ. ಇನ್ನೊಂದು ಕೋನದ ಚಿತ್ರ, ಅಲ್ಟ್ರಾಸೌಂಡ್ ಅಥವಾ ಹಳೇ ಚಿತ್ರ ಬೇಕು. ಹೀಗೆ ವಾಪಸ್ ಕರೆಸಿಕೊಂಡವರಲ್ಲಿ ಜಾಸ್ತಿ ಮಂದಿಗೆ ಕ್ಯಾನ್ಸರ್ ಇರೋದಿಲ್ಲ, ಆದರೆ ಹೋಗದೆ ಇರಬೇಡಿ. 1, 2 ಬಂದರೆ ನಿರಾಳ. 2ರಲ್ಲಿ ಏನೋ ಕಂಡಿದೆ, ಆದರೆ ಅದು ನಿರುಪದ್ರವಿ.

3 ಅಂದರೆ ಬಹುತೇಕ ನಿರುಪದ್ರವಿ. ಕ್ಯಾನ್ಸರ್ ಇರುವ ಸಾಧ್ಯತೆ ಶೇ 2ಕ್ಕಿಂತ ಹೆಚ್ಚಿಲ್ಲ. ಆರು ತಿಂಗಳಿಗೆ ಮತ್ತೆ ತೋರಿಸಿ ಅನ್ನುತ್ತಾರೆ, ಜನ ಮರೆಯುವುದು ಇದನ್ನೇ. ಗಾಬರಿ ಇಳಿದ ಕೂಡಲೇ ದಿನಾಂಕವೂ ತಲೆಯಿಂದ ಇಳಿಯುತ್ತದೆ, ಅಲ್ವಾ? ರಿಪೋರ್ಟ್ ಓದಿದ ದಿನವೇ ಮೊಬೈಲ್‌ನಲ್ಲಿ ಅಲಾರಂ ಇಡಿ.

4 ಬಂದರೆ ಸಾಮಾನ್ಯವಾಗಿ ಬಯಾಪ್ಸಿ, ಅಂದರೆ ಅನುಮಾನದ ಜಾಗದಿಂದ ಚೂರು ತೆಗೆದು ಪರೀಕ್ಷಿಸುವುದು. ಇದರ ವ್ಯಾಪ್ತಿ ದೊಡ್ಡದು: 4ಎ ಆದರೆ ಸಾಧ್ಯತೆ ಶೇ 2ರಿಂದ 10, 4ಸಿ ಆದರೆ ಶೇ 50ರಿಂದ 95. ಬರೀ ‘4’ ಅಂತ ಬರೆದಿದ್ದರೆ ಎ, ಬಿ, ಸಿ ಯಾವುದು ಅಂತ ಕೇಳಿ. 5 ಅಂದರೆ ಅನುಮಾನ ಶೇ 95ಕ್ಕೂ ಮೇಲೆ, ಆದರೂ ಬಯಾಪ್ಸಿ ಆಗದೆ ಖಚಿತವಲ್ಲ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಆಗಲೇ ಗೊತ್ತಾದವರಿಗೆ 6 ಹಾಕುತ್ತಾರೆ.

ಎ, ಬಿ, ಸಿ, ಡಿ ಅಂತ ಇನ್ನೊಂದು ಅಕ್ಷರ ಬೇರೆ ಇರುತ್ತದೆ. ಅದು ಸ್ತನದ ಸಾಂದ್ರತೆ, 4ಎ, 4ಬಿಗೂ ಅದಕ್ಕೂ ಸಂಬಂಧ ಇಲ್ಲ. ಸಿ ಅಥವಾ ಡಿ ಅಂದರೆ ಅಂಗಾಂಶ ದಟ್ಟವಾಗಿದೆ ಅಂತ, ಅದು ರೋಗವಲ್ಲ. ಆದರೆ ದಟ್ಟ ಅಂಗಾಂಶವೂ ಗಡ್ಡೆಯೂ ಚಿತ್ರದಲ್ಲಿ ಬೆಳ್ಳಗೇ ಕಾಣುವುದರಿಂದ ಗಡ್ಡೆ ಮರೆಯಾಗಬಹುದು. ಅಲ್ಟ್ರಾಸೌಂಡ್ ಬೇಕಾ ಅಂತ ಕೇಳಿ.

4. ಬಯಾಪ್ಸಿ ಅಂದರೆ ಆಪರೇಷನ್ ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ಆ ಜಾಗಕ್ಕಷ್ಟೇ ಮರಗಟ್ಟಿಸಿ, ಸೂಜಿಯಿಂದ ಚೂರು ತೆಗೆಯುತ್ತಾರೆ. ಗುರುತಿಗೆ ಪುಟ್ಟ ಲೋಹದ ಕ್ಲಿಪ್ ಬಿಡುವುದುಂಟು, ಅದು ಒಳಗೇ ಇದ್ದರೂ ತೊಂದರೆಯಿಲ್ಲ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತೆ ಅನ್ನುವ ಮಾತಿಗೆ ಕಿವಿಗೊಟ್ಟು ಮುಂದೂಡಬೇಡಿ. ಒತ್ತುವುದೇ ಬೇಡ, ಶಾಖ ಅಳೆದು ಹೇಳುತ್ತೇವೆ ಅನ್ನುವ ಥರ್ಮೋಗ್ರಫಿಗೂ ದುಡ್ಡು ಸುರಿಯಬೇಡಿ, ಮ್ಯಾಮೊಗ್ರಾಮ್‌ಗೆ ಅದು ಬದಲಿಯಲ್ಲ.

5. ರಿಪೋರ್ಟ್ 1 ಬಂದಿದ್ದರೂ, ಆಮೇಲೆ ಗಡ್ಡೆ ಕೈಗೆ ಸಿಕ್ಕರೆ, ತೊಟ್ಟು ಒಳಸೇದಿಕೊಂಡರೆ, ರಕ್ತ ಒಸರಿದರೆ ಮುಂದಿನ ಸ್ಕ್ಯಾನ್‌ವರೆಗೆ ಕಾಯದೆ ಡಾಕ್ಟರಿಗೆ ತೋರಿಸಿ.