ಕೆಂಡದ ವಾಸನೆ, ಪೇತ್ರ, ಮತ್ತೆ ನನ್ನ ಓದು

ಹತ್ತು ಹನ್ನೆರಡು ವರ್ಷ ನಾನು ಬೈಬಲ್ ಓದಿದ್ದು ಪರೀಕ್ಷೆಗೆ ಓದಿದ ಹಾಗೆ. ದಿನಕ್ಕೆ ಮೂರು ಅಧ್ಯಾಯ, ಪಕ್ಕದಲ್ಲಿ ಪೆನ್ಸಿಲಿಂದ ಒಂದು ಟಿಕ್. ವಾಳೆಯ (ನಮ್ಮ ಚರ್ಚಿಗೆ ಸೇರಿದ ಅಕ್ಕಪಕ್ಕದ ಮನೆಗಳ ಗುಂಪು) ಪ್ರಾರ್ಥನಾ ಕೂಟದಲ್ಲಿ ಯಾವ ವಾಕ್ಯ ಎಲ್ಲುಂಟು ಅಂತ ಕೇಳಿದ್ರೆ ತಟ್ಟಂತ ಹೇಳ್ತಿದ್ದೆ, ಆದ್ರೆ ರಾತ್ರಿ ಒಬ್ಬನೇ ಪ್ರಾರ್ಥನೆಗೆ ಕೂತ್ರೆ ಒಳಗೆ ಏನೂ ಅಲ್ಲಾಡ್ತಿರ್ಲಿಲ್ಲ.

ಅದು ಬದಲಾದದ್ದು ಒಂದು ಮಳೆಗಾಲದಲ್ಲಿ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟು ಕಡಲಿಗಿಳಿಯೋ ಹಾಗಿಲ್ಲ, ಹಾಗಾಗಿ ಮನೆಯಲ್ಲಿ ಹೆಚ್ಚಾಗಿ ಒಣ ಮೀನೇ. ಆ ಸಂಜೆ ಕರೆಂಟ್ ಇರ್ಲಿಲ್ಲ, ಬಚ್ಚಲ ಒಲೆಯಿಂದ ಸ್ವಲ್ಪ ಗೆರಟೆ ಕೆಂಡ ಎಳೆದು ಅದರ ಮೇಲೆ ಎರಡು ಒಣ ಬಂಗುಡೆ ಇಟ್ಟಿದ್ದೆ. ಉಪ್ಪು ಚಟಪಟ ಅಂತ ಸಿಡೀತಿತ್ತು, ಮೀನಿನ ಎಣ್ಣೆ ಕೆಂಡಕ್ಕೆ ಬಿದ್ದಾಗೆಲ್ಲ ಹೊಗೆ ಎದ್ದು ಕಣ್ಣಿಗೇ ಬರ್ತಿತ್ತು, ಆ ವಾಸನೆ ಹೇಗಂದ್ರೆ ಮಾರನೇ ದಿನ ತಲೆಗೆ ನೀರು ಹಾಕಿದ್ರೂ ಕೂದಲಲ್ಲಿ ಉಳ್ಕೊಳ್ಳೋದು. ಬೆಳಿಗ್ಗೆ ಓದಿ ಟಿಕ್ ಹಾಕಿದ್ದು ಯೊವಾನ್ನನ ಶುಭಸಂದೇಶದ (ಬೈಬಲಲ್ಲಿ ಯೇಸುವಿನ ಕಥೆ ಹೇಳೋ ಪುಸ್ತಕಗಳಲ್ಲಿ ಒಂದು) 21ನೇ ಅಧ್ಯಾಯ. ಯೇಸು ಸತ್ತು ಎದ್ದ ಮೇಲಿನ ಕಥೆ ಅದು, ಮೀನು ಹಿಡಿಯೋಕೆ ಹೋದ ಶಿಷ್ಯರು ದಡಕ್ಕೆ ಬರ್ತಾರೆ, ಅಲ್ಲಿ ಕೆಂಡ, ಅದರ ಮೇಲೆ ಮೀನು, ಜೊತೆಗೆ ರೊಟ್ಟಿ. ಅಯ್ಯೋ, ಇದೇ ವಾಸನೆ ಅಲ್ವಾ ಅಂತ ಅನ್ನಿಸಿ ಮೈ ಜುಂ ಅಂತು.

ಆಮೇಲೆ ಹುಡುಕಿ ನೋಡಿದೆ. ಯೊವಾನ್ನ ಬಳಸಿದ ಗ್ರೀಕ್ ಪದ ಅಂಥ್ರಾಕಿಯ, ಅಂದ್ರೆ ಇದ್ದಲ ಬೆಂಕಿ. ಇಡೀ ಹೊಸ ಒಡಂಬಡಿಕೆಯಲ್ಲಿ, ಅಂದ್ರೆ ಬೈಬಲಿನ ಎರಡನೇ ಭಾಗದಲ್ಲಿ, ಅದು ಬರೋದು ಎರಡೇ ಕಡೆ. ಒಂದು ಇಲ್ಲಿ, ಇನ್ನೊಂದು 18ನೇ ಅಧ್ಯಾಯದಲ್ಲಿ, ಪ್ರಧಾನ ಯಾಜಕನ ಅಂಗಳದಲ್ಲಿ ಯೇಸುವನ್ನ ಹಿಡಿದೊಯ್ದಾಗ ಚಳಿ ಕಾಯಿಸ್ತಾ ನಿಂತ ಶಿಷ್ಯ ಪೇತ್ರ ಆ ಮನುಷ್ಯನಿಗೂ ನನಗೂ ಸಂಬಂಧ ಇಲ್ಲ ಅಂತ ಮೂರು ಸಲ ಹೇಳಿದ ರಾತ್ರಿ. ಹಾಗಾದ್ರೆ ಪೇತ್ರ ದಡಕ್ಕೆ ಬಂದಾಗ ಮೊದಲು ಮೂಗಿಗೆ ಬಡಿದದ್ದು ಅದೇ ಹೊಗೆ ಇರ್ಬೇಕು. ಪ್ರಭು ಯೇಸು ಅಲ್ಲಿ ಬೈಯ್ಲಿಲ್ಲ, ವಿಚಾರಣೆ ಮಾಡ್ಲಿಲ್ಲ, ಬನ್ನಿ ಊಟ ಮಾಡಿ ಅಂದ್ರು, ಊಟ ಮುಗಿದ ಮೇಲೆಯೇ ಪೇತ್ರನಿಗೆ ಮೂರು ಸಲ ನನ್ನ ಪ್ರೀತಿಸ್ತೀಯಾ ಅಂತ ಕೇಳಿದ್ದು.

ಆಗ ನಾನು ಅಣ್ಣನ ಹತ್ರ ಮಾತು ಬಿಟ್ಟು ಎರಡು ವರ್ಷ ಆಗಿತ್ತು, ಜಾಗದ ವಿಷಯ. ಫೋನ್ ಮಾಡಿ ಏನು ಮಾತಾಡೋದು ಅಂತಲೇ ಗೊತ್ತಿರ್ಲಿಲ್ಲ. ಆ ರಾತ್ರಿ ಮಾಡಿದೆ, ಊಟ ಆಯ್ತಾ ಅಂತ ಮಾತ್ರ ಕೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, ಆಯ್ತು, ನಿಂದು? ಅಂದ್ರು.

ಅಲ್ಲಿಂದ ಮೂರು ಅಧ್ಯಾಯದ ಲೆಕ್ಕ ಬಿಟ್ಟೆ. ಈಗ ವಾರಕ್ಕೆ ಒಂದೇ ವಾಕ್ಯ, ಭಾನುವಾರದ ಶುಭಸಂದೇಶದಿಂದ. ಅದನ್ನ ಬಾಯಿಬಿಟ್ಟು ಓದ್ತೇನೆ, ಮನಸ್ಸಲ್ಲಿ ಅಲ್ಲ. ಮೊದಲ ಎರಡು ಮೂರು ದಿನ ಅರ್ಥ ಹುಡುಕೋದೇ ಇಲ್ಲ, ಅದರಲ್ಲಿ ಏನೇನು ವಸ್ತು ಉಂಟು, ಏನು ವಾಸನೆ, ಕೈಗೆ ಹೇಗೆ ಹತ್ತುತ್ತೆ, ಅಷ್ಟೇ. ಇದು ನಾನು ಕಂಡುಹಿಡಿದದ್ದಲ್ಲ, 12ನೇ ಶತಮಾನದ ಗೈಗೊ ಅನ್ನೋ ಸನ್ಯಾಸಿ ಓದಿಗೆ ನಾಲ್ಕು ಮೆಟ್ಟಿಲು ಹೇಳಿದ್ದಾರೆ, ಓದೋದು ಅಂದ್ರೆ ತುತ್ತು ಬಾಯಿಗಿಡೋದು, ಧ್ಯಾನ ಅಂದ್ರೆ ಅಗಿಯೋದು, ಪ್ರಾರ್ಥನೆಯಲ್ಲಿ ರುಚಿ ಸಿಗುತ್ತೆ, ಕೊನೇದು ಆ ಸಿಹಿಯೇ. ನಮ್ಮಲ್ಲಿ ಮೆಲುಕು ಹಾಕೋದು ಅಂತ ಒಂದೇ ಮಾತಲ್ಲಿ ಇದಿಷ್ಟೂ ಉಂಟಲ್ಲ! ಬೈಬಲಿನ 34ನೇ ಕೀರ್ತನೆ ದೇವರನ್ನ ಸವಿದು ನೋಡಿ ಅನ್ನುತ್ತೆ, ಚಿಕ್ಕಂದಿನಿಂದ ಕೇಳ್ತಿದ್ದೆ, ಅದು ನಾಲಿಗೆಯ ಮಾತು ಅಂತ ಹೊಳೆದಿರ್ಲಿಲ್ಲ.

ನಿಧಾನ ಮಾಡೋದು ಅಭ್ಯಾಸ ಆದದ್ದು ಮಾತ್ರ ಕಾವ್ಯದಿಂದ. ತಪಸ್ಸು ಕಾಲದಲ್ಲಿ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ಮಂಜೇಶ್ವರ ಗೋವಿಂದ ಪೈಯವರ 'ಗೊಲ್ಗೊಥಾ' ಹಿಡಿದೆ, ಯೇಸುವಿನ ಕೊನೇ ದಿನದ ಕಾವ್ಯ. ಪೈಯವರು ಕ್ರೈಸ್ತರಲ್ಲ, ಬುದ್ಧನ ಕೊನೇ ದಿನದ ಬಗ್ಗೆ 'ವೈಶಾಖಿ' ಬರೆದದ್ದೂ ಅವರೇ. ಭಾಷೆ ಬಹಳ ಬಿಗಿ, ಸುಲಭಕ್ಕೆ ಬಿಟ್ಟುಕೊಡೋದಿಲ್ಲ, ಪಕ್ಕದಲ್ಲಿ ಕಿಟ್ಟೆಲ್ ನಿಘಂಟು ಇಟ್ಕೊಂಡೇ ಓದ್ಬೇಕು (1894ರ ಆ ನಿಘಂಟೂ ಬಾಸೆಲ್ ಮಿಷನ್‌ಗೆ ಬಂದ ಒಬ್ಬ ಪಾದ್ರಿಯ ಜೀವಮಾನದ ಕೆಲಸ, ಪುಟ ತಿರುಗಿಸುವಾಗೆಲ್ಲ ಮನಸ್ಸಲ್ಲೇ ಕೈ ಮುಗೀತೇನೆ). ಶಿಲುಬೆಯ ಕಥೆ ನನಗೆ ಎಷ್ಟು ಪರಿಚಯ ಅಂದ್ರೆ ಕಿವಿಗೆ ಬೀಳ್ತಾನೇ ಇರ್ಲಿಲ್ಲ, ಇಲ್ಲಿ ಸಾಲಿಗೊಂದು ಕಡೆ ಎಡವಿ ಎಡವಿ ಓದಿದಾಗ ಮೊದಲ ಸಲ ಆ ದಾರಿ ನಡೆದ ಹಾಗಾಯ್ತು. ಶುರು ಮಾಡೋರಿಗೆ ನಾನು ಹೇಳೋದು ಇದನ್ನೇ, ಸ್ವಲ್ಪ ಕಷ್ಟದ ಪದ್ಯ ಹಿಡೀರಿ, ಜೋರಾಗಿ ಓದಿ, ದಿನಕ್ಕೆ ಒಂದು ಪುಟ ಸಾಕು.

ಒಂದು ತಪ್ಪು ಮಾಡಿದ್ದೆ, ಅದನ್ನೂ ಹೇಳ್ಬೇಕು. ಒಂದಷ್ಟು ತಿಂಗಳು ಕಂಡದ್ದಕ್ಕೆಲ್ಲ ಅರ್ಥ ಅಂಟಿಸೋಕೆ ಶುರು ಮಾಡಿದ್ದೆ. ಮಳೆ ಅಂದ್ರೆ ಕೃಪೆ, ದೀಪ ಅಂದ್ರೆ ವಿಶ್ವಾಸ, ನೋಟ್‌ಬುಕ್ ತುಂಬಿತು, ಮಳೆ ಮಾತ್ರ ಕಾಣಿಸ್ಲಿಲ್ಲ. ಈಗ ತೆನೆ ಹಬ್ಬದ ದಿನ, ಸೆಪ್ಟೆಂಬರ್ 8ಕ್ಕೆ, ಹೊಸ ತೆನೆ ಮನೆಗೆ ತಂದಾಗ ಮೊದಲು ಒಂದು ಭತ್ತ ಸುಲಿದು ಹಲ್ಲಲ್ಲಿ ಕಡೀತೇನೆ. ಹಸಿ ಹಾಲಿನ ರುಚಿ ಬರುತ್ತೆ, ಸ್ತೋತ್ರ ಆಮೇಲೆ.

ಈ ವಾರ ಮತ್ತೆ ಅದೇ 21ನೇ ಅಧ್ಯಾಯ ಬಂದಿದೆ. ನಾನು ನಿಂತಿರೋದು ಶಿಷ್ಯರ ಬಲೆಯಲ್ಲಿ 153 ದೊಡ್ಡ ಮೀನು ಅನ್ನೋ ಕಡೆ. ಹಳೇ ಕಾಲದ ಧರ್ಮಪಂಡಿತ ಸಂತ ಅಗಸ್ಟೀನರು ಅದು 1ರಿಂದ 17ರವರೆಗೆ ಕೂಡಿಸಿದ ಮೊತ್ತ ಅಂತ ತೋರಿಸಿ ದೊಡ್ಡ ಅರ್ಥ ಬಿಡಿಸಿದ್ದಾರೆ, ಅದರ ಮೇಲೆ ನನಗೆ ಗೌರವ ಉಂಟು. ಆದ್ರೆ ನನಗೆ ಕಾಣೋದು ಬೇರೆ. ಸತ್ತು ಎದ್ದ ಪ್ರಭು ಅಲ್ಲೇ ಕೆಂಡದ ಹತ್ರ ಕಾಯ್ತಿದ್ದಾರೆ, ಮೀನಿನವರು ಅಂದ್ಮೇಲೆ ಪಾಲು ಮಾಡ್ಬೇಕಲ್ಲ, ಯಾರೋ ಒಬ್ಬರು ಒದ್ದೆ ಮರಳಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಎತ್ತಿ ಹಾಕಿ ಎಣಿಸ್ತಿದ್ದಾರೆ, ಕೈಯೆಲ್ಲ ಲೋಳೆ.